ದಾಸನಕೊಪ್ಪದವಳ ಪಂಪು

ಶಿರಸಿಯ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ನನ್ನ ಮಗನಿಗೂ ದಾಸನಕೊಪ್ಪದವಳ ಮಗನಿಗೂ ರಕ್ತ ಏರಿಸುತ್ತಿದ್ದರು. ಇಬ್ಬರಿಗೂ ಥಲಸ್ಸೇಮಿಯಾ. ಏರಿಸಿದ ರಕ್ತದ ಕಬ್ಬಿಣ ಲಿವರಿನಲ್ಲಿ ಕೂರುತ್ತದೆ, ಅದನ್ನು ಇಳಿಸಲು ದಿನಾ ಹೊಟ್ಟೆಗೆ ಸೂಜಿ ಹಾಕಿ ಪಂಪಿನಿಂದ ಔಷಧ ಬಿಡಿ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಊಟದ ಜೊತೆ ಹಾಲಿಲ್ಲದ ಚಹಾ ಕೊಟ್ಟರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ ಎಂದಿದ್ದರು. ಅವಳು ಡಬ್ಬಿ ಬಿಚ್ಚುವ ಮೊದಲೇ ಚಹಾ ಬಗ್ಗಿಸುತ್ತಿದ್ದಳು.

ನನಗೆ ನಗು ಬರುತ್ತಿತ್ತು. ಬಿಳಿಚಿಕೊಂಡ ಮಗುವಿಗೆ ಕಬ್ಬಿಣ ಹೆಚ್ಚಾಗುವುದುಂಟೇ? ನಮ್ಮತ್ತೆ ಕಬ್ಬಿಣದ ಬಾಣಲೆಯಲ್ಲೇ ಹರಿವೆ ಬೇಯಿಸಿ ತಿನ್ನಿಸಿದರು. "ಪಾಪ, ಮಾಣಿಗೆ ದಿನಾ ಸೂಜಿ ಚುಚ್ಚದು ಬ್ಯಾಡ," ಎಂದರು.

ಅವಳದು ಒಂದೇ ಮಾತು: "ತಪ್ಪಸಬಾರದ್ರಿ ಅಕ್ಕಾರ." ಹೇಳುತ್ತ ಮಗನ ಅಂಗಿ ಎತ್ತಿ, ಸೂಜಿ ಚುಚ್ಚಿದಲ್ಲಿ ಎದ್ದ ಗಂಟುಗಳನ್ನು ಹೆಬ್ಬೆರಳಿನಿಂದ ಸವರುವಳು.

ಮುಂದೆ ಇಬ್ಬರು ಹುಡುಗರಿಗೂ ರಕ್ತ ಹೊಂದುವ ತಂಗಿಯರು ಹುಟ್ಟಿದರು. ಅಣ್ಣಂದಿರ ಕಾಯಿಲೆ ಅದರಿಂದ ವಾಸಿಯಾಗಬಹುದು ಎಂದಿದ್ದಕ್ಕೆ ನಾವಿಬ್ಬರೂ ಅವರ ಹೊಕ್ಕುಳಬಳ್ಳಿಯ ರಕ್ತ ತೆಗೆದಿರಿಸಿದೆವು. ಅವಳ ಮಗನಿಗೆ ಅದನ್ನು ಕೊಟ್ಟರು. ಆಮೇಲೆ ಅವನಿಗೆ ಹೊರಗಿನ ರಕ್ತವೇ ಬೇಕಾಗಲಿಲ್ಲ. ನನ್ನ ಮಗನ ಲಿವರಿನಲ್ಲಿ ಕಬ್ಬಿಣ ಮಿತಿಮೀರಿದೆ, ಈಗ ಅದನ್ನು ಕೊಟ್ಟರೆ ಜೀವಕ್ಕೇ ಅಪಾಯ ಎಂದರು.

ಅವಳು ಕೊನೆಯ ಸಲ ಬಂದಾಗ ಆ ಹುಡುಗ ವರಾಂಡದ ತುಂಬ ಓಡಿದ. ಎಡವಿ ಬೀಳಲಿ ಎಂದುಕೊಂಡೆ. ಅವಳು ಪಂಪನ್ನು ಟವಲಿನಲ್ಲಿ ಸುತ್ತಿ ತಂದಿದ್ದಳು.

"ನಮಗಿನ್ನ ಬ್ಯಾಡ್ರಿ. ನಿಮ್ಮ ಹುಡುಗಗ ಇರ್ಲಿ, ತಗೋರಿ ಅಕ್ಕಾರ."

"ನಮ್ಮನೇಲೂ ಒಂದು ಇದೆ," ಎಂದೆ, ಮುಟ್ಟದೆ.

ಸುಳ್ಳಲ್ಲ. ಅಂಗಡಿಯವರು ಅಂಟಿಸಿದ ಟೇಪು ಕೂಡ ಬಿಚ್ಚದೆ ಕಪಾಟಿನಲ್ಲಿತ್ತು.