ಅಪ್ಪಯ್ಯನ ಅಂಗಿಯ ಬುಟ್ಟಿ

ಬೀಜಾಡಿಯಿಂದ ಕಡಲಿಗೆ ಇಳಿದ ಅಪ್ಪಯ್ಯನ ದೋಣಿ ತಿರುಗಿ ಬರದೆ ಒಂದು ಮಳೆಗಾಲ ಕಳೆದಿತ್ತು. ಹೆಣ ಸಿಕ್ಕಿರಲಿಲ್ಲ, ಹಾಗಾಗಿ ಉತ್ತರಕ್ರಿಯೆಯೂ ಆಗಿರಲಿಲ್ಲ. ಅಮ್ಮ ಊರವರ ರವಕೆ ಹೊಲಿಯತೊಡಗಿದ್ದಳು. ಸೂಜಿ, ನೂಲು, ಗುಂಡಿ ಇಡಲು ಅವಳಿಗೊಂದು ಬಟ್ಟೆಯ ಬುಟ್ಟಿ ಬೇಕಾಯಿತು. ಒಳಗೆ ಗೋಣಿ ಕೊಟ್ಟರೆ ನೆಟ್ಟಗೆ ನಿಲ್ಲುತ್ತದೆಂದು ಗೋಣಿ ಕತ್ತರಿಸಿದಳು. ಹೊರಗಿನ ಬಟ್ಟೆಗೆಂದು ಗೂಟದಲ್ಲಿದ್ದ ಅಪ್ಪಯ್ಯನ ಅಂಗಿ ತೆಗೆದಳು. ಅದು ನೀಲಿ ಎಂದು ನನ್ನ ನೆನಪು, ಅಕ್ಕ ಬಿಳಿ ಅನ್ನುತ್ತಾಳೆ. ಆಗ ನಾನಿನ್ನೂ ಚಿಕ್ಕವ, ಅಕ್ಕ ಹೇಳಿದ್ದನ್ನೇ ನಾನು ಕಂಡದ್ದೆಂದು ನಂಬಿಕೊಂಡಿರಲೂಬಹುದು.

"ಹೆಣೆ, ಅವ ಬಂದ್ರೆ ಎಂತ ಹಾಯ್ಕಂತ?" ಎಂದು ಅಜ್ಜಿ ಸೊಸೆಯನ್ನು ಕೇಳಿದಳು.

"ಬಂದ್ರೆ ಹೊಸ್ತ್ ಹೊಲಿತೆ, ಅತ್ತೆ," ಎಂದ ಅಮ್ಮ ಅಂಗಿಯ ಬೆನ್ನಿಗೆ ಕತ್ತರಿ ಹಾಕಿದಳು.

ಅಷ್ಟು ದಿನ ಅಳದಿದ್ದ ಅಜ್ಜಿ ಎದೆ ಬಡಿದುಕೊಂಡು, ಮಗನ ಹೆಸರು ಕೂಗಿ ಅತ್ತಳು. ಆ ಅಳು ಕೇಳಿದ ಕೇರಿಯವರು ಹೆಣ ಬಂತೆಂದೇ ತಿಳಿದು ಓಡಿ ಬಂದರು.

"ಎಲ್ಲ್ ಸಿಕ್ತ್?" ಎಂದು ಬಾಗಿಲಲ್ಲಿ ನಿಂತ ಒಬ್ಬರು ಕೇಳಿದರು.

ಅಮ್ಮ ತಲೆ ಎತ್ತಲಿಲ್ಲ. ಗೋಣಿಯ ಮೇಲೆ ಬಟ್ಟೆ ಮಡಚಿ ಅಂಚು ಹೊಲಿಯುತ್ತಲೇ "ಸಿಕ್ಕಲಿಲ್ಲೆ" ಎಂದಳು.

ಆದರೂ ಬಂದವರು ಯಾರೂ ಹಿಂದಿರುಗಲಿಲ್ಲ, ಸಾವಿನ ಮನೆಗೆ ಬಂದವರಂತೆ ಅಲ್ಲೇ ಕೂತರು. ನಮ್ಮ ಮನೆಗೆ ಸೂತಕ ಹಿಡಿದದ್ದು ಅವತ್ತಿನಿಂದ.