ಅಮ್ಮನಿಗಾಗಿ ಮಾಡಿದ ಪ್ರಾರ್ಥನೆ

ಪ್ರಾರ್ಥನೆಯಿಂದ ಯಾರಿಗೂ ಕೆಡುಕಾಗುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನನ್ನ ಅಮ್ಮನಿಗೆ ಆಗಿದೆ. ಮಾಡಿದವರು ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಅವರು ಒಳ್ಳೆಯವರು, ಅದೇ ಸಂಕಟ.

ನಾನು ಓದಿದ್ದು ಪ್ರಾಟೆಸ್ಟಂಟ್ ಕ್ರೈಸ್ತರಾದ ಲುಥೆರನ್ ಸಭೆಯವರ ಹೈಸ್ಕೂಲಿನಲ್ಲಿ, ಕನ್ನಡ ಮಾಧ್ಯಮದ ಡಿವಿಷನ್ನಿನಲ್ಲಿ. ಆ ಸಭೆಗೆ ಸೇರಿದ ಮನೆಗಳು ನಮ್ಮ ಊರಿನಲ್ಲಿ ಬೆರಳೆಣಿಕೆಯಷ್ಟು. ಶಾಲೆ ತುಂಬ ಇದ್ದದ್ದು ನಮ್ಮಂಥ ತುಳು ಮನೆಗಳ ಮಕ್ಕಳು, ಬ್ಯಾರಿ ಮುಸ್ಲಿಮರ ಮಕ್ಕಳು, ಮನೆಯಲ್ಲಿ ಕೊಂಕಣಿ ಮಾತಾಡುವ ಕೆಲವು ಕ್ಯಾಥೊಲಿಕರು. ಬೆಳಿಗ್ಗೆ ಬೆಲ್ ಆದ ಕೂಡಲೇ ಎಲ್ಲರೂ ಸಾಲು ಹಿಡಿದು ಪ್ರಾರ್ಥನಾ ಮಂದಿರಕ್ಕೆ ಹೋಗಬೇಕು. ಜರ್ಮನಿಯಿಂದ ಬಂದ ರಾಗಕ್ಕೆ ಕನ್ನಡದ ಕೀರ್ತನೆ, ಜೊತೆಗೆ ಮಳೆಗಾಲದಲ್ಲಿ ಒಂದೆರಡು ಕೀಗಳು ಅಂಟಿಕೊಳ್ಳುವ ಹಾರ್ಮೋನಿಯಂ. ಸಂಜೆ ಭಜನೆಗೆ ಬಳಸುವ ಗಂಟಲನ್ನೇ ಬೆಳಿಗ್ಗೆ ಅಲ್ಲಿ ಬಳಸುತ್ತಿದ್ದೆ. "ದೇವರ ಹೆಸರು ಎಲ್ಲಿ ಹೇಳಿದರೆ ಎಂತ?" ಎಂದು ನನ್ನ ಅಜ್ಜಿ ಅನ್ನುತ್ತಿದ್ದಳು. ನನಗಂತೂ ಆ ಮಂದಿರವೆಂದರೆ ಪ್ರಾಣ. ಅಲ್ಲಿ ಕೂತರೆ ಲೆಕ್ಕದ ಪರೀಕ್ಷೆಯ ಭಯವೂ ಸ್ವಲ್ಪ ಇಳಿಯುತ್ತಿತ್ತು.

ಶುಕ್ರವಾರ ಮಾತ್ರ ಪ್ರಾರ್ಥನೆ ಬೇರೆ ರೀತಿ. ವಾರದಲ್ಲಿ ಯಾರಿಗೆ ಏನು ಕಷ್ಟ ಬಂದಿದೆಯೋ ಅದನ್ನು ಪ್ರಾರ್ಥನೆ ನಡೆಸುವ ಟೀಚರಿಗೆ ಹೇಳಿಟ್ಟರೆ, ಶುಕ್ರವಾರ ಅವರು ಅದನ್ನೆಲ್ಲ ಒಂದೊಂದಾಗಿ ದೇವರ ಮುಂದೆ ಇಡುತ್ತಿದ್ದರು. ಒಬ್ಬನ ಅಪ್ಪನ ವೀಸಾ, ಒಬ್ಬಳ ಅಜ್ಜಿಯ ಮೊಣಕಾಲು. ಒಮ್ಮೆ ಯಾರದೋ ಹಟ್ಟಿಯಿಂದ ತಪ್ಪಿಸಿಕೊಂಡ ದನವೂ ಪ್ರಾರ್ಥನೆಗೆ ಬಂತು, ಮರುದಿನ ಅದು ಪಕ್ಕದೂರು ಕಾರಡ್ಕದ ಕಡೆ ಸಿಕ್ಕಿತು. ಅವತ್ತು ಹುಡುಗರು 'ಆಮೆನ್' ಎಂದು ಕಿರುಚಿದ್ದಕ್ಕೆ ಹೆಡ್‌ಮಾಸ್ಟರು ಬೆತ್ತ ಹಿಡಿದು ಬಂದಿದ್ದರು.

ಆ ಟೀಚರು ನಮಗೆ ಸಮಾಜ ಪಾಠ ಮಾಡುತ್ತಿದ್ದರು. ಯಾರಿಗೂ ಹೊಡೆದವರಲ್ಲ. ಬುತ್ತಿ ತಾರದವರನ್ನು ಕರೆದು ತಮ್ಮ ಅನ್ನದಲ್ಲಿ ಪಾಲು ಕೊಡುತ್ತಿದ್ದರು. ನನಗೆ ಜ್ವರ ಬಂದಾಗ ರಿಕ್ಷಾ ಮಾಡಿ ಮನೆಗೆ ತಂದು ಬಿಟ್ಟವರೂ ಅವರೇ. ಅಂಥವರನ್ನು ನಂಬದೆ ಇನ್ಯಾರನ್ನು ನಂಬುವುದು?

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಕಾಯಿಲೆಯಾಯಿತು. ಅಮ್ಮ ಹೊಲಿಗೆ ಮಾಡುತ್ತಿದ್ದಳು. ನೆರೆಕರೆಯ ಹೆಂಗಸರ ರವಿಕೆಗಳೆಲ್ಲ, ಶಾಲೆಯ ಯೂನಿಫಾರ್ಮುಗಳೂ ನಮ್ಮ ಜಗಲಿಯಲ್ಲೇ ತಯಾರಾಗುತ್ತಿದ್ದವು. ಅವಳು ನಿದ್ದೆ ಬಿಟ್ಟಳು, ಊಟ ಬಿಟ್ಟಳು. ಒಂದು ದಿನ ಯಾರದೋ ಮದುವೆಯ ರೇಷ್ಮೆ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಗೋಡೆಯ ಆಚೆಯಿಂದ ಯಾರೋ ಕತ್ತರಿಸಲು ಹೇಳಿದರು ಎಂದಳು. ಅಪ್ಪ ಶಾರ್ಜಾದಲ್ಲಿದ್ದರು. ಸೋದರಮಾವ ಬಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸುವುದೆಂದು ನಿಶ್ಚಯವಾಯಿತು.

ಹೊರಡುವ ದಿನ ಅಮ್ಮನ ತಲೆ ತಿಳಿಯಾಗಿತ್ತು. ಒಂದೇ ಒಂದು ಮಾತು ಕೇಳಿದಳು. "ನಾನು ಹೋಗ್ತೇನೆ. ಆದರೆ ಊರಿಗೆ ಗೊತ್ತಾಗಬಾರದು. ಹುಚ್ಚಿಯ ಹತ್ರ ಅಳತೆ ಕೊಡ್ಲಿಕ್ಕೆ ಯಾರು ಬರ್ತಾರೆ?" ಬೊಂಬಾಯಿಯಲ್ಲಿರುವ ಚಿಕ್ಕಮ್ಮನಿಗೆ ಆಗಷ್ಟೇ ಹೆಣ್ಣು ಮಗು ಹುಟ್ಟಿತ್ತು. ಅಮ್ಮ ತಂಗಿಯ ಬಾಣಂತನಕ್ಕೆ ಬೊಂಬಾಯಿಗೆ ಹೋಗಿದ್ದಾಳೆ ಎಂದು ಎಲ್ಲರೂ ಹೇಳುವುದೆಂದಾಯಿತು. ನಾನೂ ಹೇಳಿದೆ. ಜನ ನಂಬಿದರು. ಅಮ್ಮ ತಿರುಗಿ ಬಂದು, ಏನೂ ಆಗದವಳ ಹಾಗೆ ಮೆಷಿನ್ನಿನ ಮುಂದೆ ಕೂರಬೇಕು, ನಮಗೆ ಬೇಕಾದದ್ದು ಅಷ್ಟೇ.

ಆದರೆ ಕೀರ್ತನೆ ಹಾಡುವಾಗ ನಾನು ನಡುವೆ ನಿಲ್ಲಿಸಿಬಿಡುತ್ತಿದ್ದೆ. ಟೀಚರು ಅದನ್ನು ಗಮನಿಸಿದರು. ಬಿಡುವಿನಲ್ಲಿ ಪಕ್ಕ ಕೂರಿಸಿಕೊಂಡು, "ಎಂತ ಆಯ್ತು ಮಗಳೇ?" ಎಂದು ಬೆನ್ನು ಸವರಿದರು. ನಾನು ಅತ್ತುಬಿಟ್ಟೆ, ಎಲ್ಲ ಹೇಳಿಬಿಟ್ಟೆ.

"ಯಾರಿಗೂ ಹೇಳ್ಬೇಡಿ ಟೀಚರ್."

"ಇಲ್ಲ ಮಗಳೇ. ದೇವರಿಗೆ ಮಾತ್ರ ಹೇಳ್ತೇನೆ."

ಆ ಶಾಲೆಯಲ್ಲಿ ದೇವರಿಗೆ ಹೇಳುವುದು ಮೈಕಿನಲ್ಲಿ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಶುಕ್ರವಾರ ವೀಸಾ ಆಯಿತು, ಮೊಣಕಾಲು ಆಯಿತು. ಆಮೇಲೆ ಟೀಚರ ಸ್ವರ ತಗ್ಗಿತು. "ಪರಲೋಕದ ತಂದೆಯೇ, ಒಂಬತ್ತನೇ ಕ್ಲಾಸಿನ ನಮ್ಮ ಒಬ್ಬಳು ಮಗಳು ದೊಡ್ಡ ಭಾರ ಹೊತ್ತಿದ್ದಾಳೆ. ಮನಸ್ಸಿನ ಕಾಯಿಲೆಯಿಂದ ಮಂಗಳೂರಿನ ಆಸ್ಪತ್ರೆಯಲ್ಲಿರುವ ಅವಳ ತಾಯಿಯನ್ನು ನೆನಪು ಮಾಡಿಕೋ. ನಮ್ಮ ಮಕ್ಕಳಿಗೆ ಯೂನಿಫಾರ್ಮು ಹೊಲಿದುಕೊಟ್ಟ ಆ ಕೈಗಳಿಗೆ ಮತ್ತೆ ಬಲ ಕೊಡು." ಹೆಸರು ಹೇಳಲಿಲ್ಲ. ಇನ್ನು ಹೆಸರು ಯಾಕೆ ಬೇಕು? ಇಡೀ ಮಂದಿರ 'ಆಮೆನ್' ಎಂದಿತು. ಮುಂದಿನ ಸಾಲಿನವರು ಒಬ್ಬೊಬ್ಬರೇ ತಿರುಗಿ ನನ್ನನ್ನು ನೋಡಿದರು.

ಸಭೆಯ ಹೆಂಗಸರದೊಂದು ಪ್ರಾರ್ಥನೆಯ ವಾಟ್ಸಾಪ್ ಗುಂಪಿತ್ತು. ವಿಷಯ ಅಲ್ಲಿಗೂ ಹೋಯಿತು. ಅಲ್ಲಿಂದ ಎಲ್ಲೆಲ್ಲಿಗೆ ಹೋಯಿತೋ, ಸಂಜೆಯೊಳಗೆ ಶಾರ್ಜಾ ಮುಟ್ಟಿತು. ಅಪ್ಪ ಫೋನ್ ಮಾಡಿ, "ರೂಮಿನವರು ಕೇಳ್ತಿದ್ದಾರೆ, ಯಾರು ಹೇಳಿದ್ದು?" ಎಂದರು. ಅಜ್ಜಿ ನನ್ನ ಮುಖ ನೋಡಿದಳು. ಒಳಗೆ ಹೋಗಿ ಮಲಗಿದಳು.

ಸೋಮವಾರ ನಾನು ನೆಟ್ಟಗೆ ಸ್ಟಾಫ್ ರೂಮಿಗೆ ಹೋದೆ. "ದೇವರಿಗೆ ಮಾತ್ರ ಅಂತ ಹೇಳಿದ್ರಿ ನೀವು."

"ದೇವರಿಗೇ ಅಲ್ವಾ ಮಗಳೇ ಹೇಳಿದ್ದು?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಾನೊಬ್ಬಳು ಬೇಡುವುದಕ್ಕೂ ಇಡೀ ಶಾಲೆ ಸೇರಿ ಬೇಡುವುದಕ್ಕೂ ವ್ಯತ್ಯಾಸ ಉಂಟು. ನಾವೆಲ್ಲ ಒಂದೇ ಕುಟುಂಬ. ಕುಟುಂಬದಲ್ಲಿ ಎಂತ ಮುಚ್ಚುಮರೆ?" ಅವರ ಕಣ್ಣು ತುಂಬಿತ್ತು. ಅದು ನನಗಾಗಿ, ಅಮ್ಮನಿಗಾಗಿ. ಮಾತು ಮುರಿದೆನಲ್ಲ ಎಂಬ ಅಳುಕು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಹತ್ತಿರ ಜಗಳವಾಡಬಹುದು, ಇವರ ಹತ್ತಿರ ಏನು ಆಡುವುದು? ಅವರನ್ನು ಆ ಗಳಿಗೆಯಲ್ಲಿ ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ.

ಹೊರಗೆ ನನ್ನ ಬೆಂಚಿನ ಗೆಳತಿ ಕಾಯುತ್ತಿದ್ದಳು. ಅವಳು ಕ್ಯಾಥೊಲಿಕ್. "ಪೆದ್ದಿ ಮಾರಾಯ್ತಿ ನೀನು," ಎಂದಳು. "ನಮ್ಮಲ್ಲಿ ಪಾದ್ರಿಯ ಕಿವಿಗೆ ಹೇಳಿದರೆ ಅಲ್ಲಿಗೆ ಮುಗೀತು, ಅವರು ಸತ್ತರೂ ಬಾಯಿ ಬಿಡ್ಲಿಕ್ಕಿಲ್ಲ. ಇವರಲ್ಲಿ ಎಲ್ಲರೂ ಪಾದ್ರಿಗಳೇ, ಒಬ್ಬರ ಕಷ್ಟ ಎಲ್ಲರೂ ಸೇರಿ ಬೇಡುವುದು. ಅಷ್ಟೂ ಗೊತ್ತಿಲ್ವಾ?" ಗೊತ್ತಿರಲಿಲ್ಲ. ದೇವರೆಲ್ಲ ಒಂದೇ ಎಂದು ಮನೆಯಲ್ಲಿ ಹೇಳಿಕೊಟ್ಟಿದ್ದರು. ದೇವರಿಗೆ ಹೇಳುವ ಕ್ರಮ ಒಂದೇ ಅಲ್ಲ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮತ್ತೆ ಆ ಶಾಲೆ ಬಿಡುವವರೆಗೂ ಮಂದಿರದಲ್ಲಿ ನಾನು ಬಾಯಿ ತೆರೆಯಲಿಲ್ಲ.

ಮಳೆ ಕಡಿಮೆಯಾಗುವ ಹೊತ್ತಿಗೆ ಅಮ್ಮ ಬಂದಳು. ಮುಖ ಸ್ವಲ್ಪ ಊದಿತ್ತು, ನಡಿಗೆ ನಿಧಾನವಾಗಿತ್ತು, ಆದರೆ ಅಮ್ಮ ಅಮ್ಮನೇ ಆಗಿದ್ದಳು. ಈಗಷ್ಟೇ ಸುಧಾರಿಸಿದವಳಿಗೆ ಊರಿಗೆ ಗೊತ್ತಾದದ್ದನ್ನು ಹೇಳುವುದು ಬೇಡ, ತಾನೇ ಸಮಯ ನೋಡಿ ಹೇಳುತ್ತೇನೆ ಎಂದು ಮಾವ ನಮ್ಮ ಬಾಯಿ ಕಟ್ಟಿದ್ದರು. ಪಾಪ, ಅಮ್ಮ ಮಂಗಳೂರಿನಲ್ಲೇ ಹಲ್ವ ಕೊಂಡು, ಅಂಗಡಿಯ ಚೀಟಿ ಕಿತ್ತು, ಬೇರೆ ಡಬ್ಬಿಗೆ ತುಂಬಿ ತಂದಿದ್ದಳು. ಬೊಂಬಾಯಿಯಿಂದ ಬರುವವಳಿಗೆ ಕೈಬೀಸಿಕೊಂಡು ಬರಲಾಗುತ್ತದೆಯೇ?

ಮರುದಿನವೇ ಟೀಚರು ಸಭೆಯ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬಂದರು. ಕೈಯಲ್ಲಿ ಬಾಳೆಹಣ್ಣು, ಕೇಕು. ಅಮ್ಮನಿಗೆ ಖುಷಿಯೋ ಖುಷಿ. ಕುರ್ಚಿ ಹಾಕಿದಳು, ತಟ್ಟೆಯಲ್ಲಿ ಹಲ್ವ ಇಟ್ಟಳು, ಯಾರೂ ಕೇಳುವ ಮೊದಲೇ ಶುರುಮಾಡಿದಳು. "ಬೊಂಬಾಯಿಯಲ್ಲಿ ಎಂತ ಮಳೆ ಅಂತೀರಿ! ಮಗುವಿಗೆ ತಲೆ ತುಂಬ ಕೂದಲು. ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸೋತಿತು." ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೆಂಗಸರು ತಲೆಯಾಡಿಸುತ್ತಿದ್ದರು, ಹಾಸಿಗೆ ಹಿಡಿದವರ ಮಾತಿಗೆ ಆಡಿಸುವ ಹಾಗೆ. ಅಮ್ಮ ರೈಲಿನ ಕತೆಗೆ ಬಂದಳು. ನಡುವೆ ಅವರ ಮುಖಗಳನ್ನು ನೋಡಿದಳು. ಸ್ವರ ಸ್ವಲ್ಪ ಸಣ್ಣದಾಯಿತು.

ಟೀಚರು ಎದ್ದು ಬಂದು ಅಮ್ಮನ ತಲೆಯ ಮೇಲೆ ಕೈಯಿಟ್ಟರು. "ಇನ್ನು ಅದೆಲ್ಲ ಹೇಳ್ಬೇಕಂತ ಇಲ್ಲ ಅಕ್ಕಾ. ನಮಗೆ ಎಲ್ಲ ಗೊತ್ತುಂಟು. ಇಡೀ ಶಾಲೆ ಸೇರಿ ನಿಮಗಾಗಿ ಬೇಡಿಕೊಂಡಿದೆ." ಕೂಡಲೇ ಎಲ್ಲರೂ ಕಣ್ಣು ಮುಚ್ಚಿ ಸ್ತೋತ್ರ ಹೇಳತೊಡಗಿದರು. ಅಮ್ಮ ಆ ಕೈಯ ಕೆಳಗೆ ಕೂತು, ಕೈಯಲ್ಲಿದ್ದ ತಟ್ಟೆಯನ್ನೇ ನೋಡುತ್ತಿದ್ದಳು.

ಅವರು ಹೋದ ಮೇಲೆ ಕುರ್ಚಿಗಳನ್ನು ಒಳಗಿಟ್ಟೆ. ಅಮ್ಮ ಲೋಟಗಳನ್ನು ತೊಳೆದು ಕವುಚಿ ಹಾಕಿದಳು. ಯಾರು ಹೇಳಿದರು ಎಂದು ಕೇಳಲೇ ಇಲ್ಲ. ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ಮಗುವಿಗೆ ಎಂತ ಹೆಸರಿಟ್ಟರು ಅಂತ ಒಬ್ಬರಾದರೂ ಕೇಳ್ಬಹುದಿತ್ತು."