ಮುರುಗೇಶಪ್ಪ ಬೆಟ್ಟದ ಮೇಲೆ ಬಿಟ್ಟು ಬಂದದ್ದು

ಭದ್ರಾವತಿಯ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣದ ಮೇಲೆ ಕ್ರೇನ್ ಓಡಿಸಿ ನಿವೃತ್ತನಾದ ನಮ್ಮ ಮುರುಗೇಶಪ್ಪನಿಗೆ ನೆಲದ ಮೇಲೆ ನಿಂತರೆ ತಲೆ ಸುತ್ತುತ್ತದೆ. ಎತ್ತರಕ್ಕೆ ಹತ್ತಿದರೆ ಮಾತ್ರ ಸಮಾಧಾನ. ಕುಂದಾದ್ರಿಯ ಬಸದಿ, ಬಾಬಾಬುಡನ್‌ಗಿರಿಯ ಗುಹೆ, ಯಾವುದನ್ನೂ ಬಿಟ್ಟವನಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಎಲ್ಲರ ಬೆಟ್ಟ ಹತ್ತುತ್ತೀಯಲ್ಲ ಎಂದು ಕೆಣಕಿದರೆ, "ಮೇಲೆ ಹೋಗೋಷ್ಟರಲ್ಲಿ ಉಸಿರೇ ಇರಲ್ಲ ಮಾರಾಯ, ನೀನು ಯಾರ ದೇವರಪ್ಪಾ ಅಂತ ಕೇಳೋದು ಹೇಗೆ?" ಎನ್ನುತ್ತಾನೆ.

ಇನ್ನೊಂದು ಚಟ, ಹೊಗೆಸೊಪ್ಪು ಸೇರಿಸಿದ ಎಲೆ ಅಡಿಕೆ. ಅವನು ನಮ್ಮೂರ ಆಲ್ಕೊಳ ಸರ್ಕಲ್ಲಿನಲ್ಲಿ ಉಗುಳಿದರೆ ತುಂಗೆ ಹೇಸಿ ಹಿಂದಕ್ಕೆ ಹರಿದು, ಮೇಲ್ದಂಡೆಯ ಸಕ್ರೆಬೈಲು ಬಿಡಾರದ ಆನೆಗಳು ಕೆಂಪು ನೀರಿನಲ್ಲಿ ಮೀಯುತ್ತಿದ್ದವು. ಕೊನೆಗೆ ಬಾಯೊಳಗೆ ಬಿಳಿ ಕಲೆ ಕಂಡ ಡಾಕ್ಟರು, "ಈಗಲೇ ಬಿಟ್ಟರೆ ಬಚಾವ್" ಎಂದರು.

ಯಾತ್ರೆ ಹೋದವರು ಅಲ್ಲಿ ಏನಾದರೂ ಇಷ್ಟದ್ದನ್ನು ಬಿಟ್ಟು ಬರುವುದು ನಮ್ಮಲ್ಲಿ ರೂಢಿ. ಇವನು ಕುಂದಾದ್ರಿಯಲ್ಲಿ ಹಾಗಲಕಾಯಿ ಬಿಟ್ಟ, ಬಾಬಾಬುಡನ್‌ಗಿರಿಯಲ್ಲಿ ಪಡವಲಕಾಯಿ. ಹೋದ ವರ್ಷ ಬದರಿಯಲ್ಲಿ ಕೈಮುಗಿದು ಕಣ್ಣೀರಿಟ್ಟು ಮೆಂತ್ಯದ ಗಂಜಿ ಬಿಟ್ಟ.

"ರೀ, ಹುಟ್ಟಿದಾಗಿಂದ ಮುಟ್ಟದೇ ಇರೋದನ್ನೇ ಬಿಡ್ತೀರಲ್ಲ! ದೇವರಿಗೂ ಟೋಪಿ ಹಾಕ್ತೀರಾ?" ಎಂದು ಹೆಂಡತಿ ಜಗದಾಂಬಾ ಅಲ್ಲೇ ಗುಡುಗಿದಳು. "ಇಲ್ಲಿಂದ ಹೇಮಕುಂಡಕ್ಕೆ ಹೋಗೋಣ. ಅಲ್ಲಿ ಹೊಗೆಸೊಪ್ಪು ಬಿಡಬೇಕು."

"ನೋಡೋಣ ಮಾರಾಯ್ತಿ" ಎಂದವನು ಎಲೆ ಅಡಿಕೆಯ ಪುಟ್ಟ ಚೀಲವನ್ನು ಮಂಕಿಕ್ಯಾಪಿನೊಳಗೆ ಅಡಗಿಸಿದ.

ಹೇಮಕುಂಡ ಸಿಖ್ಖರ ಗುರುದ್ವಾರ. ಮೋಡಗಳೂ ದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುವ ಎತ್ತರ. ಅವರ ಜೊತೆಗೆ ಹೋಗಿದ್ದ ನಾನು ಹೇಸರಗತ್ತೆಯ ಮೇಲೆ. ಅದು ನನ್ನನ್ನು ಹೊತ್ತಿತೋ ನಾನು ಅದನ್ನು ಹೊತ್ತೆನೋ ಇವತ್ತಿಗೂ ತೀರ್ಮಾನವಾಗಿಲ್ಲ. ಮುರುಗೇಶಪ್ಪ ಮಾತ್ರ ಕ್ರೇನಿನ ಏಣಿ ಹತ್ತಿದಂತೆ ಹಾರುತ್ತಾ ಹೋದ. ಮಂಡಿನೋವಿನ ಜಗದಾಂಬಾ ಹೆಜ್ಜೆಗೊಮ್ಮೆ "ಶಿವಾ" ಎನ್ನುತ್ತಾ, ನಗುತ್ತಾ, ನಡೆದೇ ಬಂದಳು.

ಮೇಲೆ ಹೋದರೆ, ಅಬ್ಬಾ! ಸುತ್ತ ಹಿಮದ ಶಿಖರ, ನಡುವೆ ಹೊಳೆಯುವ ಸರೋವರ. ಗುರುದ್ವಾರದ ದಾಸೋಹವಾದ ಲಂಗರಿನಲ್ಲಿ ಮುದಿ ಸರ್ದಾರರೊಬ್ಬರು ನಮಗೆ ಬಿಸಿ ಕಿಚಡಿ, ಚಹಾ ಕೊಟ್ಟರು. ಮುರುಗೇಶಪ್ಪನ ಎದೆ ತುಂಬಿ ಬಂತು. ಉಣ್ಣಿಸಿದವರಿಗೆ ತಾಂಬೂಲ ಕೊಡದೆ ಇರಲಾದೀತೇ? ಕ್ಯಾಪು ತೆಗೆದ, ಎಲೆ ಅಡಿಕೆ, ಮೇಲೊಂದು ಚಿಟಿಕೆ ಹೊಗೆಸೊಪ್ಪು ಇಟ್ಟು ಎರಡೂ ಕೈಯಲ್ಲಿ ಭಕ್ತಿಯಿಂದ ನೀಡಿದ.

ಸರ್ದಾರರು ಹಾವು ಕಂಡವರಂತೆ ಹಿಂದೆ ಸರಿದರು. ಬೈಯಲಿಲ್ಲ. ಕೈಮುಗಿದು, ತಂಬಾಕು ಇಲ್ಲಿಗೆ ತರಬಾರದು, ಹೊರಗಿಟ್ಟು ಬನ್ನಿ ಎಂದು ಹಿಂದಿಯಲ್ಲಿ ಹೇಳಿದರು.

ಹೊರಗೆ ಬಂದ ಮುರುಗೇಶಪ್ಪ ಚೀಲವನ್ನು ಹೆಂಡತಿಗೆ ಚಾಚಿದ. "ಹಿಡ್ಕೊಂಡಿರು, ದರ್ಶನ ಮಾಡಿ ಬರ್ತೀನಿ."

"ಹಿಡ್ಕೊಂಡ್ರೆ ನಾನೂ ಒಳಗೆ ಹೋಗೋ ಹಾಗಿಲ್ಲ. ಇರಲಿ ಬಿಡಿ, ನೀವು ಹೋಗಿ" ಎಂದು ಜಗದಾಂಬಾ ಚೀಲ ತೆಗೆದುಕೊಂಡು ಹಿಮದಲ್ಲಿ ನಿಂತಳು. ಒಂದು ಕೈಯಲ್ಲಿ ಮಂಡಿ ನೀವಿಕೊಂಡಳು. ಕಣ್ಣು ಮಾತ್ರ ಬಾಗಿಲಿನ ಮೇಲೆಯೇ.

ಅವನು ನಾಲ್ಕು ಹೆಜ್ಜೆ ಹೋದವನು ತಿರುಗಿ ನೋಡಿದ. ವಾಪಸು ಬಂದು ಚೀಲ ಕಿತ್ತುಕೊಂಡು, ಕೆಳಗಿನ ಚಹಾದಂಗಡಿಗೆ ದಡದಡ ಓಡಿ, ಉರಿಯುವ ಒಲೆಗೆ ಎಸೆದೇಬಿಟ್ಟ. ಅಂಗಡಿಯವನು ಕೆಮ್ಮಿದ ರಭಸಕ್ಕೆ ಎದುರಿನ ಶಿಖರದಿಂದ ಒಂದು ಬಂಡಿ ಹಿಮ ಜಾರಿತು!

"ಬಾರೇ, ಇಬ್ಬರೂ ಹೋಗೋಣ!" ಎಂದು ಅವಳ ಕೈ ಹಿಡಿದು ಒಳಗೆ ಕರೆದೊಯ್ದ.

ಅಂದಿನಿಂದ ಅವನು ತಂಬಾಕು ಮುಟ್ಟಿಲ್ಲ, ಆನೆಗಳೂ ಬೆಳ್ಳಗಾಗಿವೆ. ಊರಿಗೆ ಬಂದ ಮಾರನೆಯ ದಿನ ಊಟಕ್ಕೆ ಕೂತರೆ ತಟ್ಟೆಯ ತುಂಬ ಹಾಗಲಕಾಯಿ ಪಲ್ಯ.

"ಇದನ್ನ ಕುಂದಾದ್ರಿಯಲ್ಲಿ ಬಿಟ್ಟಿದ್ನಲ್ಲೇ!"

"ದೊಡ್ಡದನ್ನ ಬಿಟ್ಟಿರಲ್ಲ, ದೇವರು ಚಿಲ್ಲರೆ ವಾಪಸ್ ಕೊಟ್ಟಿದ್ದಾನೆ. ತಿನ್ನಿ" ಎಂದಳು ಜಗದಾಂಬಾ. "ಪಡವಲಕಾಯಿ ನಾಳೆಗೆ."